ಹೊಂಗೆ ಮರದ ನೆರಳಿಗೆ ಕಳಿಸಿದ ದೊಡ್ಡವ್ವ

ಹೋದ ಮಂಗಳವಾರ ಸಂಜೆ ಪಿರಿಯಾಪಟ್ಟಣದಿಂದ ಹುಣಸೂರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ಹೆಂಗಸು ಬಂದು ಕೂತಳು. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬಹುದು. ಮುಖ ನೋಡುವ ಮೊದಲೇ ವಾಸನೆ ಬಂತು. ಹಸಿ ಹೊಗೆಸೊಪ್ಪಿನ ವಾಸನೆ. ಬೆಂದು ಹದವಾದ ಸೊಪ್ಪಿನದು ಬೇರೆ, ಅದರಲ್ಲಿ ಒಂದು ಸಿಹಿ ಇರುತ್ತದೆ. ಹರಾಜಿನ ದಿನಗಳಲ್ಲಿ ಊರಿಗೆ ಊರೇ ಅದನ್ನು ಉಸಿರಾಡುತ್ತದೆ. ಹಸಿಯದು ಹಾಗಲ್ಲ. ಮೂಗಿಗೆ ಬರುವ ಮೊದಲು ಗಂಟಲಿಗೆ ಬರುತ್ತದೆ. ಅವಳ ಬೆರಳುಗಳಿಗೆ ಸೊಪ್ಪಿನ ಅಂಟು ಹತ್ತಿ ಕಪ್ಪಾಗಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದರೂ ಒಂದೆರಡು ದಿನ ಹೋಗದ ಅಂಟು ಅದು. ಅವಳು ಕಿಟಕಿಗೆ ತಲೆ ಆನಿಸಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ನನಗೆ ದೊಡ್ಡವ್ವ ನೆನಪಾದರು…

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕನಲ್ಲ. ಗುರುಪುರದ ಹತ್ತಿರ ನನ್ನ ಅತ್ತೆಮನೆ ಇರುವ ಊರಿನಲ್ಲಿ ಎದುರು ಮನೆಯವರು. ಊರಿನವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಸೊಪ್ಪು ಕಟ್ಟುವ ಹೆಂಗಸರ ಗುಂಪಿಗೆ ಅವರೇ ಮೇಸ್ತ್ರಿ. ಯಾರ ಬ್ಯಾರನ್ನಿಗೆ ಯಾವತ್ತು ಎಷ್ಟು ಜನ, ಯಾರು ಎಲ್ಲಿ ಕೂರಬೇಕು, ಎಲ್ಲವೂ ಅವರ ಬಾಯಿಂದಲೇ ಬರಬೇಕು. ಗಟ್ಟಿ ಮೈ, ಗಟ್ಟಿ ದನಿ. ನಗುವುದು ಮಾತ್ರ ಸದ್ದಿಲ್ಲದೆ, ಭುಜ ಅಲುಗಿದರೆ ನಗುತ್ತಿದ್ದಾರೆ ಎಂದು ತಿಳಿಯಬೇಕು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ.

ನಾನು ಭೇರ್ಯದ ಕಡೆಯವಳು. ಭತ್ತ, ರಾಗಿ, ಕಬ್ಬು ಗೊತ್ತಿತ್ತೇ ಹೊರತು ಹೊಗೆಸೊಪ್ಪು ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಮನೆಯ ಹಿಂದಿದ್ದ ಆ ಎತ್ತರದ, ಕಿಟಕಿಯಿಲ್ಲದ ಕಟ್ಟಡ ನೋಡಿ ಇದೇನು ಜೈಲಾ ಎಂದು ಗಂಡನನ್ನು ಕೇಳಿದ್ದೆ. ಅದೇ ಬ್ಯಾರನ್, ಸೊಪ್ಪು ಬೇಯಿಸುವ ಮನೆ. ಬೆಳಗಿನ ಇಬ್ಬನಿಯಲ್ಲೇ ಗಂಡಸರು ಹೊಲದಿಂದ ಸೊಪ್ಪು ಮುರಿದು ತಂದು ಚಪ್ಪರದ ಕೆಳಗೆ ರಾಶಿ ಹಾಕುತ್ತಾರೆ. ಹೆಂಗಸರು ಎರಡೆರಡು ಮೂರು ಮೂರು ಎಲೆ ಹಿಡಿದು ಕಡ್ಡಿಯ ಎರಡೂ ಬದಿಗೆ ದಾರದಿಂದ ಕಟ್ಟುತ್ತಾ ಹೋಗುತ್ತಾರೆ. ಕಟ್ಟಿದ ಕಡ್ಡಿಗಳನ್ನೆಲ್ಲ ಅಂದೇ ಒಳಗೆ ನೇತುಹಾಕಿ, ಬ್ಯಾರನ್ ತುಂಬಿದ ಕೂಡಲೇ ಬೆಂಕಿ ಕೊಡಬೇಕು. ಮುರಿದ ಸೊಪ್ಪು ಯಾರಿಗೂ ಕಾಯುವುದಿಲ್ಲ.

ಒದ್ದೆ ಸೊಪ್ಪನ್ನು ದಿನವಿಡೀ ಮುಟ್ಟಿದರೆ ಅದರ ವಿಷ ಚರ್ಮದಿಂದಲೇ ಮೈಗೆ ಇಳಿಯುತ್ತದೆ. ತಲೆ ಸುತ್ತು, ಬೆವರು, ವಾಂತಿ. ಸೊಪ್ಪಿನ ಅಮಲು ಎನ್ನುತ್ತಾರೆ. ಹೊಸಬರಿಗಂತೂ ತಪ್ಪಿದ್ದಲ್ಲ. ಚಪ್ಪರದ ಕೆಳಗೆ ಯಾರಾದರೂ ಎದ್ದು ಬೇಲಿಯ ಕಡೆ ಓಡಿದರೆ ಉಳಿದವರು ತಲೆ ಎತ್ತಿಯೂ ನೋಡುತ್ತಿರಲಿಲ್ಲ.

ಇಲ್ಲೇ ಒಂದು ಮೋಸ ಇತ್ತು. ಮೂರು ತಿಂಗಳು ಇಡೀ ಊರಿನ ಹೆಂಗಸರು ವಾಂತಿ ಮಾಡುತ್ತಿದ್ದರೆ, ಅದರಲ್ಲಿ ಬಸುರಿ ಯಾರು, ಅಮಲು ಹತ್ತಿದವಳು ಯಾರು? ಬಸುರಾದವಳಿಗೇ ಗೊತ್ತಾಗುತ್ತಿರಲಿಲ್ಲ. ಬೇರೆ ಕಡೆಯ ಹೆಂಗಸರಿಗೆ ಮೊದಲ ವಾಂತಿ ಒಂದು ಸುದ್ದಿ. ನಮ್ಮಲ್ಲಿ ಅದು ಸೊಪ್ಪು. ಎರಡು ತಿಂಗಳು ತುಂಬಿದ ಮೇಲೂ ಒದ್ದೆ ರಾಶಿಯ ಮುಂದೆ ಕೂತವರಿದ್ದರು. ಒಂದು ದಿನ ಹೊಟ್ಟೆ ನೋವು, ರಕ್ತಸ್ರಾವ… ಆಗ ತಿಳಿಯುತ್ತಿತ್ತು, ಇದ್ದದ್ದು ಏನೆಂದು.

ದೊಡ್ಡವ್ವ ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಸೋಮವಾರ ನಮ್ಮ ಕಡೆ ನೇಗಿಲು ಕಟ್ಟುವುದಿಲ್ಲ, ಬಸವನಿಗೆ ಬಿಡುವು. ನಮ್ಮೂರಿನಲ್ಲಿ ಸೊಪ್ಪು ಮುರಿಯುವುದನ್ನೂ ಅಂದು ಬಿಡುತ್ತಿದ್ದರು. ಸೊಪ್ಪಿನ ಅಮಲು ಒಂದು ದಿನ ಸೊಪ್ಪು ಮುಟ್ಟದಿದ್ದರೆ ಇಳಿಯುತ್ತದೆ. ಬಸುರಿನ ವಾಂತಿಗೆ ಸೋಮವಾರ ಮಂಗಳವಾರದ ಲೆಕ್ಕವಿಲ್ಲ. ಮಂಗಳವಾರ ಬೆಳಿಗ್ಗೆ, ಯಾರೂ ಸೊಪ್ಪಿಗೆ ಕೈ ಹಾಕುವ ಮೊದಲು, ದೊಡ್ಡವ್ವ ಚಪ್ಪರದ ಬಾಯಲ್ಲಿ ನಿಂತು ಒಬ್ಬೊಬ್ಬರನ್ನೂ ಕೇಳುತ್ತಿದ್ದರು.

“ನೆನ್ನೆ ಎಂಗಿತ್ತವ್ವ?”

ಅಷ್ಟೇ ಪ್ರಶ್ನೆ. ಚೆನ್ನಾಗಿತ್ತು ಎಂದವರು ಒಳಗೆ. ನೆನ್ನೆಯೂ ಹೊಟ್ಟೆ ತೊಳಸಿತು ಎಂದವಳ ಕೈಗೆ ಒಂದು ದಾರದ ಉಂಡೆ. ಅವಳು ದೂರದ ಹೊಂಗೆ ಮರದ ಕೆಳಗೆ ಕೂತು ಕಡ್ಡಿಗೆ ಬೇಕಾದ ದಾರ ಅಳೆದು ಕತ್ತರಿಸಿ ಸುತ್ತಿಡಬೇಕು. ಕೂಲಿಯಲ್ಲಿ ವ್ಯತ್ಯಾಸವಿಲ್ಲ. ಮೂರು ತಿಂಗಳು ತುಂಬುವ ತನಕ ಬಸುರಿನ ಸುದ್ದಿ ಬಾಯಿ ಬಿಡಬಾರದಲ್ಲ, ಅದಕ್ಕೂ ದೊಡ್ಡವ್ವನ ಬಳಿ ಉಪಾಯವಿತ್ತು. ಅವಳ ಜೊತೆಗೆ ಯಾವಾಗಲೂ ಒಬ್ಬ ವಯಸ್ಸಾದ ಹೆಂಗಸನ್ನೂ ದಾರ ಸುತ್ತಲು ಕಳಿಸುತ್ತಿದ್ದರು. ಯಾರಾದರೂ ಕೇಳಿದರೆ ‘ಕಣ್ಣು ಮಂಜು ಅವ್ವನಿಗೆ, ಜೊತೆಗೆ ಒಬ್ಳು ಇರ್ಲಿ’ ಎನ್ನುವುದು. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು. ಆದರೂ ಎಲ್ಲರೂ ಅದನ್ನು ಗುಟ್ಟಿನ ಹಾಗೇ ಇಟ್ಟುಕೊಂಡಿದ್ದರು.

ನನ್ನನ್ನೂ ಹಾಗೇ ಹಿಡಿದರು. ಮದುವೆಯಾದ ಎರಡನೆಯ ವರ್ಷ. ಆಗ ನಾನು ಬಿ.ಎಸ್ಸಿ. ಮುಗಿಸಿದ ಗರ್ವದಲ್ಲಿದ್ದೆ, ಊರಿನ ಸೊಸೆಯಂದಿರಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಸೋಮವಾರವೂ ಹೊಟ್ಟೆ ತೊಳಸಿತು ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ದಾರದ ಉಂಡೆ ಕೈಗೆ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ಹಿಂದಿನ ದಿನವೇ ಮೆಡಿಕಲ್ ಶಾಪಿನಿಂದ ಬಸುರು ಪರೀಕ್ಷೆಯ ಪಟ್ಟಿ ತರಿಸಿ ನೋಡಿದ್ದೆ, ಒಂದೇ ಗೆರೆ ಬಂದಿತ್ತು. ವಿಜ್ಞಾನವೇ ಇಲ್ಲ ಎಂದ ಮೇಲೆ ಈ ಹೆಂಗಸು ಹೌದು ಎನ್ನುವುದೆಂದರೇನು? ಅದನ್ನೇ ಅವರಿಗೂ ಹೇಳಿದೆ. ಅವರು ವಾದ ಮಾಡಲಿಲ್ಲ. “ಆಯ್ತು ಬುಡವ್ವ, ನಿನ್ ಪಟ್ಟಿ ಒಪ್ಪೋಗಂಟ ದಾರ ಸುತ್ತು” ಎಂದರು. ಭುಜ ಅಲುಗಿತು.

ಮುಂದಿನ ವಾರ ಪಟ್ಟಿಯೂ ಒಪ್ಪಿಕೊಂಡಿತು. ಆ ಸಲ ಹೊಂಗೆ ಮರದ ಕೆಳಗೆ ನಾನು ಸುತ್ತಿದ ದಾರಕ್ಕೆ ಲೆಕ್ಕವಿಲ್ಲ. ಈಗ ಮಗಳಿಗೆ ಇಪ್ಪತ್ತು ವರ್ಷ, ನನಗಿಂತ ಎತ್ತರ.

ಮಗಳಿಗೆ ಏಳು ತುಂಬುವ ಹೊತ್ತಿಗೆ ನಾನು ಎಂ.ಎಸ್ಸಿ. ಮಾಡಿಕೊಂಡು ಪಿ.ಯು. ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡಲು ಸೇರಿದ್ದೆ. ಊರಿನಿಂದಲೇ ಓಡಾಟ. ಆ ವರ್ಷದ ಶ್ರಾವಣದಲ್ಲಿ ಒಂದು ಮಂಗಳವಾರ ಸಂಜೆ ಜಗಲಿಯಲ್ಲಿ ಕೂತು ಮರುದಿನದ ಪಾಠಕ್ಕೆ ಚಾರ್ಟಿನ ಮೇಲೆ ಗರ್ಭಕೋಶದ ಚಿತ್ರ ಬರೆಯುತ್ತಿದ್ದೆ. ದೊಡ್ಡವ್ವ ಕೆಲಸ ಮುಗಿಸಿ, ಕೈ ಉಜ್ಜಿಕೊಳ್ಳಲು ಹುಣಸೆಹಣ್ಣು ಕೇಳಲು ಬಂದರು. ಚಿತ್ರ ನೋಡಿ ನಿಂತರು.

“ಇದೇನವ್ವ, ಕಡ್ಡಿಗೆ ಎರಡೂ ಕಡೆ ಸೊಪ್ಪು ಕಟ್ಟಿರಂಗೈತೆ?”

ನನಗೆ ನಗು ಬಂತು. ಇದು ನಿಮ್ಮ ಹೊಟ್ಟೆಯೊಳಗಿರುವುದೇ ಎಂದೆ. ಅವರು ಅಲ್ಲೇ ಕೆಳಗೆ ಕೂತರು. ಯಾವ ವಿದ್ಯಾರ್ಥಿಯೂ ಅಷ್ಟು ಮನಸ್ಸಿಟ್ಟು ನನ್ನ ಪಾಠ ಕೇಳಿಲ್ಲ.

ಗರ್ಭಕೋಶದ ಒಳಪದರ ತಿಂಗಳು ತಿಂಗಳೂ ಸಸಿಮಡಿಯ ಹಾಗೆ ಹದವಾಗುತ್ತದೆ ಎಂದು ಹೇಳಿದೆ. ಅಂಡ ಹೊರಬಂದ ಜಾಗದಲ್ಲಿ ಹಳದಿ ಗಂಟೊಂದು ಉಳಿದು ಒಂದು ಹಾರ್ಮೋನು ಸುರಿಸುತ್ತದೆ. ಅದರ ಮಾತು ಕೇಳಿ ಒಳಪದರ ದಪ್ಪವಾಗಿ, ಮೆತ್ತಗಾಗಿ, ಸಕ್ಕರೆಯ ಅಂಶವನ್ನು ಕೂಡಿಟ್ಟುಕೊಳ್ಳುತ್ತದೆ. ಬಂದು ಕೂತ ಪಿಂಡಕ್ಕೆ ಮೊದಲ ಎರಡು ಎರಡೂವರೆ ತಿಂಗಳು ತಾಯಿಯ ರಕ್ತದಿಂದ ನೇರವಾಗಿ ಊಟ ಸಿಗುವುದಿಲ್ಲ. ಆ ಪದರ ಒಸರುವ ರಸವೇ ಅದರ ಹಾಲು. ಪಿಂಡವೂ ಸುಮ್ಮನೆ ಕೂರುವುದಿಲ್ಲ, ನಾನಿಲ್ಲಿದ್ದೇನೆ ಎಂದು ತನ್ನದೇ ಒಂದು ಹಾರ್ಮೋನಿನ ಮೂಲಕ ಸುದ್ದಿ ಕಳಿಸುತ್ತಲೇ ಇರುತ್ತದೆ. ಪಟ್ಟಿಯ ಮೇಲೆ ಎರಡನೆಯ ಗೆರೆ ಬರುವುದು ಆ ಸುದ್ದಿಯಿಂದಲೇ. ತೀರಾ ಮೊದಲಲ್ಲಿ ಸುದ್ದಿ ಸಣ್ಣದು, ಪಟ್ಟಿಗೆ ಕೇಳಿಸುವುದಿಲ್ಲ. ಸುದ್ದಿ ನಿಂತುಹೋದರೆ ಹಳದಿ ಗಂಟು ಬತ್ತುತ್ತದೆ, ಪದರ ಕಳಚಿಕೊಳ್ಳುತ್ತದೆ.

ದೊಡ್ಡವ್ವ ಚಿತ್ರದ ಮೇಲೆ ಬೆರಳಿಡಲು ಹೋಗಿ, ಬೆರಳು ಕಪ್ಪಾಗಿದೆ ಎಂದು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಕೇಳಿದರು, ಆ ಸುದ್ದಿ ಯಾಕೆ ನಿಂತುಹೋಗುತ್ತದೆ ಎಂದು. ನಾನು ಪುಸ್ತಕದಲ್ಲಿದ್ದುದನ್ನೇ ಹೇಳಿದೆ. ಹೆಚ್ಚಿನ ಸಲ ಪಿಂಡದ ಬೀಜದಲ್ಲೇ ಏನೋ ಏರುಪೇರಾಗಿರುತ್ತದೆ, ತಾಯಿಯ ಕೈಯಲ್ಲಿ ಏನೂ ಇರುವುದಿಲ್ಲ.

“ನಂಗೆ ಮೂರ್ ಸಲ ಓಯ್ತು ಕಣವ್ವ” ಎಂದರು. “ಮೂರೂ ಸೊಪ್ಪಿನ ಕಾಲದಾಗೇ. ಎರಡು ಗೊತ್ತಿಲ್ದಂಗೆ ಓದ್ವು. ಮೂರ್ನೇದು ಗೊತ್ತಿತ್ತು. ಸೋಮವಾರಾನೂ ವಾಂತಿ ಆಗಿತ್ತು, ನಂಗೆ ತಿಳಿದೋಯ್ತು. ಬ್ಯಾರನ್ ಅರ್ಧ ತುಂಬಿತ್ತು, ಜನ ಇರ್ನಿಲ್ಲ. ಇದೊಂದ್ ದಿನ ಅಂತ ಕೂತೆ. ಆಮ್ಯಾಕೆ ಇನ್ನೊಂದ್ ದಿನ… ಸೊಪ್ಪಿಂದ್ಲೇ ಓಯ್ತೇನವ್ವ ಅದು? ನೀ ಓದಿರೋಳು, ಏಳು.”

ಇಷ್ಟು ವರ್ಷ ಮಂಗಳವಾರ ಬೆಳಿಗ್ಗೆ ಅವರು ಕೇಳುತ್ತಿದ್ದ ಪ್ರಶ್ನೆ ಎಲ್ಲಿಂದ ಬಂದಿತ್ತು ಎನ್ನುವುದು ಆಗ ನನಗೆ ತಿಳಿಯಿತು.

ಸರಿಯಾದ ಉತ್ತರ ನನಗೆ ಗೊತ್ತಿತ್ತು. ಬೀಜದ ಏರುಪೇರೂ ಇರಬಹುದು, ಸೊಪ್ಪೂ ಇರಬಹುದು. ಸೊಪ್ಪಿನ ವಿಷ ರಕ್ತಕ್ಕೆ ಇಳಿದರೆ ಸಣ್ಣ ರಕ್ತನಾಳಗಳು ಬಿಗಿಯುತ್ತವೆ, ಆ ಮೆತ್ತನೆಯ ಪದರದ ಹದ ಕೆಡಬಹುದು, ಗರ್ಭ ನಿಲ್ಲದಿರಲು ಅದೂ ಒಂದು ಕಾರಣವಾಗಬಹುದು. ನಿಮ್ಮ ಮೂರರಲ್ಲಿ ಯಾವುದು ಯಾತರಿಂದ ಹೋಯಿತು ಎಂದು ಯಾವ ಡಾಕ್ಟರೂ ಈಗ ಹೇಳಲಾರ. ಇದು ಉತ್ತರ. ಆದರೆ ಅರವತ್ತು ದಾಟಿದ ಹೆಂಗಸು ನೆಲದ ಮೇಲೆ ಕೂತು, ಕಪ್ಪು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿರುವಾಗ…

“ಇಲ್ಲ ದೊಡ್ಡವ್ವ, ಸೊಪ್ಪಿಂದ ಅಲ್ಲ. ಅದು ಬೀಜದ್ದೇ ತೊಂದ್ರೆ. ನೀವು ಮನೇಲಿ ಮಲಗಿದ್ರೂ ಅದು ನಿಲ್ತಿರಲಿಲ್ಲ” ಎಂದುಬಿಟ್ಟೆ.

“ಅಂಗಾರೆ ನಾನು ಕೊಂದಿದ್ದಲ್ಲ ಅನ್ನು.”

“ಅಲ್ಲ.”

ಅವರು ಹುಣಸೆಹಣ್ಣು ತೆಗೆದುಕೊಳ್ಳುವುದನ್ನೂ ಮರೆತು ಎದ್ದು ಹೋದರು. ಆ ವಾರ ದೊಡ್ಡವ್ವ ಬೇರೆಯೇ ಆಗಿದ್ದರು. ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವಾಗ ಹಾಡು ಹೇಳಿಕೊಳ್ಳುವುದು ನಮ್ಮ ಮನೆಗೆ ಕೇಳುತ್ತಿತ್ತು. ಅವರಿಗೆ ಹಾಡು ಬರುತ್ತದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ನನ್ನ ಮಗಳನ್ನು ಕರೆದು ಎಣ್ಣೆ ಹಚ್ಚಿ ತಲೆ ಬಾಚಿದರು. ನನ್ನ ಅತ್ತೆ ಕೂಡ, ಏನಾಗಿದೆ ಇವಳಿಗೆ, ವಯಸ್ಸು ಹಿಂದಕ್ಕೆ ಹೋಗಿದೆಯಲ್ಲ ಎಂದು ಚೇಷ್ಟೆ ಮಾಡಿದರು. ನಾನು ಒಳಗೊಳಗೇ ಬೀಗಿದೆ. ಓದಿದ್ದು ಸಾರ್ಥಕವಾಯಿತು ಎಂದುಕೊಂಡೆ.

ಮುಂದಿನ ಮಂಗಳವಾರ ಕಾಲೇಜಿಗೆ ರಜೆಯಿತ್ತು. ಕೆಲಸದವರಿಗೆ ಕಾಫಿ ತೆಗೆದುಕೊಂಡು ಚಪ್ಪರಕ್ಕೆ ಹೋದೆ. ಹೊತ್ತು ಆಗಲೇ ಏರಿತ್ತು, ಎಲ್ಲರೂ ಸೊಪ್ಪು ಕಟ್ಟುತ್ತಿದ್ದರು. ಹೊಂಗೆ ಮರದ ಕೆಳಗೆ ಯಾರೂ ಇರಲಿಲ್ಲ. ಕಾಕನಕೋಟೆ ಕಡೆಯ ಕಾಡಂಚಿನ ಹಾಡಿಯಿಂದ ಗಂಡನ ಜೊತೆ ಆ ವರ್ಷವೇ ಕೂಲಿಗೆ ಬಂದಿದ್ದ ಹುಡುಗಿಯೊಬ್ಬಳು ಒದ್ದೆ ರಾಶಿಯ ಪಕ್ಕದಿಂದ ಎದ್ದು ಬೇಲಿಯ ಕಡೆ ಹೋಗಿ ಬಗ್ಗಿದಳು. ನೀರು ಕೊಟ್ಟೆ. ಸೊಪ್ಪಿನ ಅಮಲು ಅಕ್ಕ ಎಂದಳು. ನಾನು ಯೋಚಿಸದೆ, ಊರಿನ ಅಭ್ಯಾಸದಿಂದ ಕೇಳಿದೆ, ನೆನ್ನೆ ಹೇಗಿತ್ತು ಎಂದು.

“ನೆನ್ನೇನೂ ಇಂಗೇ ಅಕ್ಕ. ಮೊನ್ನೆಯಿಂದ ಅನ್ನ ಕಂಡ್ರಾಗಲ್ಲ.”

“ದೊಡ್ಡವ್ವ ಬೆಳಿಗ್ಗೆ ಕೇಳ್ಲಿಲ್ವಾ?”

ಕೇಳಲಿಲ್ಲ ಎಂದು ತಲೆಯಾಡಿಸಿದಳು. ಯಾರನ್ನೂ ಕೇಳಿರಲಿಲ್ಲ. ಕಾಫಿಯ ಪಾತ್ರೆಯನ್ನು ಅಲ್ಲೇ ಕೆಳಗಿಟ್ಟೆ. ಸೊಪ್ಪಿನ ತಪ್ಪಲ್ಲ ಎಂದಮೇಲೆ ಮಂಗಳವಾರದ ಪ್ರಶ್ನೆಗೆ ಕೆಲಸವೇನು? ನಾನು ಒಬ್ಬರಿಗೆ ಸಮಾಧಾನ ಹೇಳಲು ಹೋಗಿ ಈ ಹುಡುಗಿಯನ್ನು ಒದ್ದೆ ರಾಶಿಯ ಮುಂದೆ ಕೂರಿಸಿದ್ದೆ.

ದೊಡ್ಡವ್ವ ಬ್ಯಾರನ್ನಿನ ಹಿಂದೆ ಕಡ್ಡಿಗಳನ್ನು ಜೋಡಿಸುತ್ತಿದ್ದರು. ಹತ್ತಿರ ಹೋಗಿ ನಿಂತೆ. ಹೇಗೆ ಶುರುಮಾಡುವುದು ತಿಳಿಯಲಿಲ್ಲ. ಹೋದ ವಾರ ನಾನು ಹೇಳಿದ್ದು ಪೂರ್ತಿ ನಿಜ ಅಲ್ಲ ಎಂದೆ. ಸೊಪ್ಪೂ ಕಾರಣ ಇರಬಹುದು ಎಂದೆ. ನಿಮ್ಮದರಲ್ಲಿ ಹೌದೋ ಅಲ್ಲವೋ ಯಾರಿಗೂ ಗೊತ್ತಿಲ್ಲ, ಆದರೆ ಅಲ್ಲವೇ ಅಲ್ಲ ಎಂದು ಹೇಳಿದ್ದು ನನ್ನ ತಪ್ಪು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಅವರು ಅಳಲಿಲ್ಲ. ಕೈಯಲ್ಲಿದ್ದ ಕಡ್ಡಿಯನ್ನು ಸಾಲಿಗೆ ಸೇರಿಸಿ, ಇನ್ನೊಂದನ್ನು ಎತ್ತಿಕೊಂಡು, ಅದನ್ನೂ ಸೇರಿಸಿ ನನ್ನ ಕಡೆ ತಿರುಗಿದರು.

“ನೀ ಅಂದಾಗ್ಲೇ ಗೊತ್ತಾಯ್ತು ಬುಡು. ನಿಂಗೆ ಸುಳ್ ಏಳಾಕೆ ಬರಾಕಿಲ್ಲ, ಮಕ ಕೆಂಪಾಯ್ತದೆ.”

“ಮತ್ಯಾಕೆ ದೊಡ್ಡವ್ವ, ಬೆಳಿಗ್ಗೆ…”

“ಕೇಳುದ್ರೆ ಸೊಪ್ಪಿಂದೇ ತಪ್ಪು ಅಂತ ಒಪ್ಕಂಡಂಗಲ್ವ? ಒಂದ್ ವಾರ ಅಂಗೇ ಅಂದ್ಕಂಡು ಇರಣ ಅನ್ನುಸ್ತು ಕಣ್ಮಗ. ಒಂದೇ ವಾರ. ಆ ಎಣ್ಣಿನ ಮಕ ಬೆಳಿಗ್ಗೇನೇ ನೋಡ್ದೆ. ನೋಡೂ ನೋಡ್ದಂಗೆ ಬಂದ್ಬುಟ್ಟೆ.”

ಸೆರಗಿಗೆ ಕೈ ಒರೆಸಿಕೊಂಡು ಚಪ್ಪರದ ಕಡೆ ನಡೆದರು. ಆ ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿ, ಅವಳ ಕೈಗಳನ್ನು ತಾವೇ ಬಕೆಟ್ಟಿನ ನೀರಲ್ಲಿ ಮೊಣಕೈ ತನಕ ತೊಳೆದರು. ದಾರದ ಉಂಡೆ ಕೊಟ್ಟರು. ಜೊತೆಗೆ ಕೂರಲು ವಯಸ್ಸಾದ ಹೆಂಗಸರ ಕಡೆ ನೋಡಿದರು. ಯಾರನ್ನೂ ಕರೆಯಲಿಲ್ಲ. ತಾವೇ ಹೋಗಿ ಅವಳ ಪಕ್ಕ ಕೂತರು. ಅಷ್ಟು ವರ್ಷಗಳಲ್ಲಿ ದೊಡ್ಡವ್ವ ಹೊಂಗೆ ಮರದ ಕೆಳಗೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ದಿನ. ಬ್ಯಾರನ್ ತುಂಬುವುದು ಅಂದು ತಡವಾಯಿತು, ನಮ್ಮ ಮಾವ ಗೊಣಗಿದರು, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಹುಡುಗಿ ಮುಂದಿನ ವರ್ಷ ಕಂಕುಳಲ್ಲಿ ಗಂಡು ಮಗು ಎತ್ತಿಕೊಂಡು ಬಂದಳು. ದಾರ ಸುತ್ತಿದ್ದರಿಂದಲೇ ಅದು ಉಳಿಯಿತು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿ ಒಮ್ಮೆ ಪಾಠ ಕಲಿತಿದ್ದೇನೆ. ದೊಡ್ಡವ್ವ ಮಗುವನ್ನು ಎತ್ತಿಕೊಂಡು, ಅದರ ಅಂಗಾಲನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ನಿಂತಿದ್ದರು. ಬಚ್ಚಲಿನ ಹಾಡು ಮಾತ್ರ ಮತ್ತೆ ಕೇಳಲಿಲ್ಲ. ಮಂಗಳವಾರದ ಪ್ರಶ್ನೆ ಆಮೇಲೆ ಒಂದು ವಾರವೂ ತಪ್ಪಲಿಲ್ಲ. ನನ್ನ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾವು ಹುಣಸೂರಿಗೆ ಮನೆ ಮಾಡಿದ ಮೇಲೆ ಊರಿಗೆ ಹೋಗುವುದು ಕಡಿಮೆಯಾಯಿತು. ದೊಡ್ಡವ್ವ ತೀರಿಕೊಂಡಾಗ ಕಾಲೇಜಿನಲ್ಲಿ ಪರೀಕ್ಷೆ ನಡೆಯುತ್ತಿತ್ತು, ಮಣ್ಣಿಗೆ ಹೋಗಲಾಗಲಿಲ್ಲ. ತಿಥಿಗೆ ಹೋದೆ. ಅವರ ಮನೆಯ ಪಡಸಾಲೆಯ ಮೊಳೆಗೆ ದಾರದ ಉಂಡೆಯೊಂದು ಹಾಗೇ ನೇತಾಡುತ್ತಿತ್ತು… ಅದನ್ನು ಕೇಳಿ ತರಬೇಕಿತ್ತು. ಯಾರನ್ನು ಕೇಳುವುದು ಎಂದು ತಿಳಿಯದೆ ಬಂದುಬಿಟ್ಟೆ.

ಈಗಲೂ ಪ್ರತಿ ವರ್ಷ ಆ ಪಾಠ ಬರುತ್ತದೆ. ಹಳದಿ ಗಂಟು, ಹಾರ್ಮೋನು, ಮೆತ್ತಗಾಗುವ ಪದರ, ಕೂಡಿಟ್ಟ ಸಕ್ಕರೆ. ಮಕ್ಕಳು ಬರೆದುಕೊಳ್ಳುತ್ತಾರೆ, ಐದು ಅಂಕದ ಪ್ರಶ್ನೆ ಅದು. ನಾನು ಚಿತ್ರ ಬರೆದು ಮುಗಿಸಿ ಒಂದು ಕ್ಷಣ ಬೋರ್ಡಿಗೇ ಮುಖ ಮಾಡಿ ನಿಲ್ಲುತ್ತೇನೆ.

ಬಸ್ಸು ರತ್ನಪುರಿಯ ಕಡೆಯ ತಿರುವು ದಾಟುವಾಗ ಪಕ್ಕದ ಹುಡುಗಿ ಕಣ್ಣು ಬಿಟ್ಟಳು. ಅವಳಿಗೆ ನೀರಿನ ಬಾಟಲಿ ಕೊಟ್ಟು, ನೆನ್ನೆ ಹೇಗಿತ್ತವ್ವ ಎಂದು ಕೇಳಿದೆ. ಅವಳು ಪರಿಚಯವಿಲ್ಲದ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ನೆನ್ನೆಯೂ ಹೀಗೇ ಇತ್ತು, ಸೊಪ್ಪು ಮುಟ್ಟಿರಲಿಲ್ಲ ಎಂದಳು. ಹಾಗಾದರೆ ನಾಳೆಯೇ ಪರೀಕ್ಷೆ ಮಾಡಿಸು, ಅಲ್ಲಿಯತನಕ ಒದ್ದೆ ಸೊಪ್ಪು ಮುಟ್ಟಬೇಡ ಎಂದೆ. ಅವಳ ಮುಖದಲ್ಲಿ ಮೊದಲು ಬಂದದ್ದು ಸಂತೋಷ. ಅದರ ಹಿಂದೆಯೇ ಇನ್ನೊಂದು ಬಂತು.

“ಬ್ಯಾರನ್ ಅರ್ಧ ಆಗೈತಲ್ಲ ಅಕ್ಕ. ನಾಳೆ ಒಂದಿನ…”

“ಒಂದಿನಾನೂ ಬೇಡ” ಎಂದೆ. ದನಿ ನನಗೇ ಗಟ್ಟಿಯಾಗಿ ಕೇಳಿಸಿತು, ಮುಂದಿನ ಸೀಟಿನವರು ತಿರುಗಿ ನೋಡಿದರು. ಆಮೇಲೆ ಅವಳ ಕಪ್ಪು ಬೆರಳುಗಳನ್ನು ಹಿಡಿದುಕೊಂಡು, ಏನು ಆಗಬಹುದು, ಏನು ಆಗದೆಯೂ ಇರಬಹುದು, ನಮಗೆ ಗೊತ್ತಿಲ್ಲದ್ದು ಎಷ್ಟು, ಎಲ್ಲವನ್ನೂ ಸಿಹಿ ಹಚ್ಚದೆ ಹೇಳಿದೆ. ಅವಳು ಇಳಿಯುವ ತನಕ ಹೇಳಿದೆ. ಅವಳು ಹೂಂ ಎಂದಳು. ಮರುದಿನ ಏನು ಮಾಡಿದಳೋ ತಿಳಿಯದು.

ಮನೆಗೆ ಬಂದ ಮೇಲೂ ನನ್ನ ಕೈಯಲ್ಲಿ ಆ ವಾಸನೆ ಇತ್ತು. ಸೋಪು ಹಾಕಿ ತೊಳೆಯಲು ಹೋಗಿ, ಬಚ್ಚಲಿನ ಬಾಗಿಲಲ್ಲೇ ನಿಂತೆ. ನಿಜ ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆ ಹಾಡಿಯ ಹುಡುಗಿಗಾಗಿ ಇನ್ನೊಮ್ಮೆ ಹೇಳಬೇಕಾದರೂ ಹೇಳುತ್ತೇನೆ. ಆದರೆ ಅರವತ್ತು ವರ್ಷ ಬದುಕಿದ ಒಬ್ಬ ಹೆಂಗಸು ನೀರು ಹುಯ್ದುಕೊಳ್ಳುತ್ತಾ ಹಾಡು ಹೇಳಿಕೊಂಡದ್ದು ಒಂದೇ ಒಂದು ವಾರ… ಅದನ್ನು ಕೊಟ್ಟವಳೂ ನಾನೇ, ಕಿತ್ತುಕೊಂಡವಳೂ ನಾನೇ.